ಭುಜಕೀರ್ತಿ ಮತ್ತು ಬೈಸೆಪ್ಸ್

ದೀಪಾವಳಿಗೆ ಊರಿಗೆ ಹೋಗಿದ್ದೆ. ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಟೀವಿ ಮುಂದೆ ಕಾಲು ಚಾಚಿ ಕೂತಿದ್ದೆವು. ಯಾವುದೋ ಚಾನೆಲ್ಲಿನಲ್ಲಿ 'ಮಯೂರ' ಬರುತ್ತಿತ್ತು. ಎಷ್ಟನೇ ಸಲವೋ ಗೊತ್ತಿಲ್ಲ, ಆದರೂ ಭಾವ ರಿಮೋಟನ್ನು ಮಡಿಲಿನಲ್ಲಿ ಬಚ್ಚಿಟ್ಟುಕೊಂಡು ನೋಡುತ್ತಿದ್ದರು. ಅಕ್ಕನ ಮಗ ಬಾಗಿಲಿಗೆ ಒರಗಿ ನಿಂತಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ, ಬೆಂಗಳೂರಿನಲ್ಲಿ ಹಾಸ್ಟೆಲ್ಲು. ಒಂದು ವರ್ಷದಿಂದ ಜಿಮ್‌ಗೆ ಹೋಗುತ್ತಿದ್ದಾನೆ, ಹಬ್ಬದ ದಿನವೂ ಕಡುಬು ಮುಟ್ಟದೆ ಆರು ಮೊಟ್ಟೆಯ ಬಿಳಿಭಾಗ ತಿಂದವನು. ತೆರೆಯ ಮೇಲೆ ರಾಜ್‌ಕುಮಾರ್ ಕತ್ತಿ ಬೀಸುತ್ತಿದ್ದಾಗ ಅವನು ಕೇಳಿದ: "ಮಾವ, ಇವ್ರಿಗೆ ತೋಳೇ ಇಲ್ವಲ್ಲ. ಇಷ್ಟು ಜನರನ್ನ ಹೆಂಗೆ ಹೊಡೀತಾರೆ?"

ಭಾವನಿಗೆ ಸಿಟ್ಟು ಬಂತು. ಎರಡು ಮಾತಾಡಿದರು, ಹುಡುಗ ಎದ್ದು ಹೋದ. ನನಗೂ ಒಳಗೊಳಗೇ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಬೆಂಗಳೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಇಡೀ ರಾತ್ರಿ ಆ ಪ್ರಶ್ನೆ ಕೊರೆಯಿತು. ಅವನು ಗೇಲಿ ಮಾಡಲು ಕೇಳಿರಲಿಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. 'ಮಯೂರ' ಬಂದದ್ದು 1975ರಲ್ಲಿ, ಆಗ ರಾಜ್‌ಕುಮಾರ್‌ಗೆ 46 ವರ್ಷ. ಗಾಂಧಿ ಕ್ಲಾಸಿನಲ್ಲಿ ಕೂತು ಸಿಳ್ಳೆ ಹೊಡೆದ ಯಾರಿಗೂ ಹೊಳೆಯದ ಪ್ರಶ್ನೆ ಹತ್ತೊಂಬತ್ತರ ಹುಡುಗನಿಗೆ ಮೊದಲ ನೋಟದಲ್ಲೇ ಹೊಳೆಯಿತು ಅಂದರೆ, ನಡುವೆ ಏನೋ ಆಗಿದೆ. ಅಂದಿನವರು ಮುಗ್ಧರು, ಇಂದಿನವರು ಚುರುಕು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಅದು ನಿಜವಲ್ಲ ಅನ್ನಿಸುತ್ತದೆ ನನಗೆ.

ನಾನು ಹುಟ್ಟಿದ್ದು ಹೊನ್ನಾವರದ ಕಡೆಯ ಹಳ್ಳಿಯಲ್ಲಿ. ನಮ್ಮ ಪಾಲಿಗೆ ಮೊದಲ ಆ್ಯಕ್ಷನ್ ಹೀರೋಗಳು ಯಕ್ಷಗಾನದವರು. ದುರ್ಯೋಧನನ ವೇಷ ಕಟ್ಟುತ್ತಿದ್ದ ಒಬ್ಬರಿದ್ದರು, ಮಳೆಗಾಲದಲ್ಲಿ ಅಡಿಕೆ ತೋಟಗಳಿಗೆ ಕೊಳೆರೋಗದ ಔಷಧ ಹೊಡೆಯಲು ಬರುತ್ತಿದ್ದರು. ಮರ ಹತ್ತುವವರ ಮೈ, ಒಣಗಿದ ಕೋಲಿನ ಹಾಗೆ. ಅವರೇ ಆಟದ ರಾತ್ರಿ ಚೌಕಿಯಲ್ಲಿ ಕೂತರೆ ಒಂದರ ಮೇಲೊಂದು ಬಟ್ಟೆ ಸುತ್ತಿ ಸೊಂಟ ಹಿಗ್ಗುತ್ತಿತ್ತು, ಎದೆಗೆ ಪದಕ ಏರುತ್ತಿತ್ತು, ಹೆಗಲ ಎರಡೂ ಕಡೆ ಭುಜಕೀರ್ತಿ ಕೂರುತ್ತಿತ್ತು, ತಲೆಗೆ ಕಿರೀಟ. ರಂಗಕ್ಕೆ ಬಂದಾಗ ಒಂದೂವರೆ ಆಳು. ಚಂಡೆ ಬಡಿದ ಕೂಡಲೇ ನಮಗೆ ಮೈ ನಡುಗುತ್ತಿತ್ತು. ಚೌಕಿಯಲ್ಲಿ ಇಣುಕಿ ನೋಡಿ ಬಂದ ಮಕ್ಕಳೇ ನಾವು. ಆ ಹೆಗಲು ಹಗುರ ಮರದ್ದು, ಮೇಲೆ ಬಂಗಾರದ ಬಣ್ಣದ ಬೇಗಡೆ ಅಂತ ಗೊತ್ತಿತ್ತು. ಗೊತ್ತಿದ್ದೂ ಹೆದರುತ್ತಿದ್ದೆವು. ಅದನ್ನು ಮೋಸ ಎಂದು ಯಾರೂ ಅನ್ನಲಿಲ್ಲ.

ಅಲ್ಲಿ ಒಂದು ಒಪ್ಪಂದವಿತ್ತು. ಮಾತು, ಕುಣಿತ, ಕಣ್ಣು, ನಿಲುವು ವೇಷಧಾರಿಯದ್ದು. ಹತ್ತಾನೆಯ ಬಲ ನೋಡುವವನದ್ದು. ನಾವೇ ಅದನ್ನು ಮನೆಯಿಂದ ಕಟ್ಟಿಕೊಂಡು ಹೋಗಿ ಅವನ ಮೇಲೆ ಹೊರಿಸುತ್ತಿದ್ದೆವು. ಕೆಟ್ಟ ಕಲಾವಿದನಿಗೆ ಕೊಡುತ್ತಿರಲಿಲ್ಲ, ಅದೂ ನಿಜ. ಮಾತು ತಪ್ಪಿದರೆ, ಹೆಜ್ಜೆ ಸತ್ತರೆ ಎಷ್ಟೇ ದೊಡ್ಡ ಭುಜಕೀರ್ತಿ ಕಟ್ಟಿದರೂ ಅವನು ಔಷಧ ಹೊಡೆಯುವವನಾಗಿಯೇ ಉಳಿಯುತ್ತಿದ್ದ.

ರಾಜ್‌ಕುಮಾರ್ ಇದೇ ಒಪ್ಪಂದದ ಲೋಕದಿಂದ ಬಂದವರು. ಗುಬ್ಬಿ ಕಂಪನಿಯ ನಾಟಕಗಳಲ್ಲಿ ಬೆಳೆದು 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ತೆರೆಗೆ ಬಂದರು. 1968ರ 'ಜೇಡರ ಬಲೆ'ಯಲ್ಲಿ ಕೋಟು ತೊಟ್ಟು ಸಿಐಡಿ 999 ಆದರು, 1973ರ 'ಗಂಧದ ಗುಡಿ'ಯಲ್ಲಿ ಅರಣ್ಯಾಧಿಕಾರಿ. ಇವೆಲ್ಲ ಹೊಡೆದಾಟದ ಪಾತ್ರಗಳೇ. ಆದರೆ ಅವರ ತೋಳಿನ ಸುತ್ತಳತೆ ಎಂದೂ ಸುದ್ದಿಯಾಗಲಿಲ್ಲ. ಹಾಗೆಂದು ಅವರ ಮೈ ಸಡಿಲವಾಗಿತ್ತು ಎಂದಲ್ಲ, ಈ ವಿಷಯದಲ್ಲಿ ಅಳಿಯನಿಗೆ ತಿಳಿವಳಿಕೆ ಸಾಲದು. 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಐವತ್ತು ದಾಟಿದ ಮನುಷ್ಯ ಕಠಿಣವಾದ ಯೋಗಾಸನಗಳನ್ನು ಹಾಕಿ ತೋರಿಸುತ್ತಾರೆ, ಇವತ್ತಿನ ಜಿಮ್ ಹುಡುಗರಲ್ಲಿ ಎಷ್ಟು ಜನಕ್ಕೆ ಅದು ಸಾಧ್ಯವೋ. ಆದರೆ ಆ ಆಸನಗಳು ಹೊಡೆದಾಟಕ್ಕೆ ಸಾಕ್ಷಿಯಾಗಿ ಬರಲಿಲ್ಲ. 'ನೋಡಿ, ನನ್ನ ಮೈ ಹೀಗಿದೆ, ಆದ್ದರಿಂದ ನಂಬಿ' ಎಂಬ ಧಾಟಿ ಅಲ್ಲಿಲ್ಲ.

ಪ್ರೇಕ್ಷಕರು ಮುಗ್ಧರಾಗಿರಲಿಲ್ಲ ಎಂದೆನಲ್ಲ, ಅದಕ್ಕೆ ನನ್ನ ಬಳಿ ಒಂದು ಸಾಕ್ಷಿಯಿದೆ. 2000ನೇ ಇಸವಿಯ ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಅಪಹರಿಸಿದ. 71 ವರ್ಷದ ಹಿರಿಯರು 108 ದಿನ ಕಾಡಿನಲ್ಲಿದ್ದರು. 'ಗಂಧದ ಗುಡಿ'ಯಲ್ಲಿ ಕಾಡುಗಳ್ಳರನ್ನು ಸದೆಬಡಿದ ನಾಯಕ ಒಬ್ಬ ಗಂಧದ ಕಳ್ಳನ ಕೈಯಲ್ಲಿ ಸೆರೆ. ಇದಕ್ಕಿಂತ ಕ್ರೂರ ವ್ಯಂಗ್ಯವನ್ನು ಯಾವ ಚಿತ್ರಕಥೆಗಾರನೂ ಬರೆಯಲಾರ. ಆಗ ನಾನು ಕಾಲೇಜಿನಲ್ಲಿದ್ದೆ. ಬಸ್ಸು ನಿಂತವು, ಅಂಗಡಿ ಮುಚ್ಚಿದವು, ಹರಕೆ ಹೊತ್ತವರಿಗೆ ಲೆಕ್ಕವಿಲ್ಲ. ಆದರೆ ಇಡೀ ಊರಿನಲ್ಲಿ ಒಬ್ಬನೇ ಒಬ್ಬ ಅಭಿಮಾನಿ 'ಅಣ್ಣಾವ್ರು ಎರಡು ಬಿಗಿಯಬಾರದಿತ್ತೇ' ಎಂದು ಕೇಳಿದ್ದನ್ನು ನಾನು ಕೇಳಲಿಲ್ಲ. ಅವರು ಸುರಕ್ಷಿತವಾಗಿ ಮರಳಿದರೆ ಸಾಕು ಎಂಬುದೊಂದೇ ಮಾತು. ತೆರೆಯ ಮೇಲಿನ ಬಲ ತಾವು ಕೊಟ್ಟದ್ದು, ಕಾಡಿನಲ್ಲಿರುವುದು ಒಬ್ಬ ವಯಸ್ಸಾದ ಮನುಷ್ಯನ ಮೈ ಎಂಬುದು ಪ್ರತಿಯೊಬ್ಬ ಅಭಿಮಾನಿಗೂ ಗೊತ್ತಿತ್ತು. ಕೊಟ್ಟ ಸಾಲವನ್ನು ಅವರು ವಸೂಲಿ ಮಾಡಲು ಹೋಗಲಿಲ್ಲ. ತಾರಾಶಕ್ತಿ ಎಂಬ ಪದವನ್ನು ನಾವು ಸುಲಭವಾಗಿ ಬಳಸುತ್ತೇವೆ. ಅದು ನಟನ ಮೈಯಲ್ಲಿರಲಿಲ್ಲ ಎಂಬುದನ್ನು ಆ 108 ದಿನಗಳಷ್ಟು ಸ್ಪಷ್ಟವಾಗಿ ಬೇರೇನೂ ನನಗೆ ತೋರಿಸಿಲ್ಲ.

ಅಳಿಯನ ಮೊಬೈಲಿನಲ್ಲಿರುವ ಮೈಗಳು ಬೇರೆ ಕಡೆಯಿಂದ ಬಂದವು. ಅವುಗಳಿಗೂ ಒಂದು ಚರಿತ್ರೆಯಿದೆ. ದೇಹದಾರ್ಢ್ಯ ಸ್ಪರ್ಧೆಗಳಿಂದ ಬಂದ ಸ್ಟೀವ್ ರೀವ್ಸ್ 1958ರಲ್ಲೇ ಇಟಲಿಯ 'ಹರ್ಕ್ಯುಲಿಸ್' ಆಗಿದ್ದ. ಆದರೆ ಪುರಾಣದ ವೀರನಿಗೆ ಅಂಥ ಮೈ ಇದ್ದರೆ ಅದೊಂದು ವೇಷವೇ, ನಮ್ಮ ಭುಜಕೀರ್ತಿಯ ಹಾಗೆ. ಸಮಕಾಲೀನ ಮನುಷ್ಯನ ಮೈ ಹಾಗಾದದ್ದು ಎಂಬತ್ತರ ದಶಕದಲ್ಲಿ. ಏಳು ಬಾರಿ ಮಿಸ್ಟರ್ ಒಲಿಂಪಿಯಾ ಆದ ಅರ್ನಾಲ್ಡ್ ಶ್ವಾರ್ಜ಼ನೆಗರ್ ಅಮೆರಿಕಕ್ಕೆ ಬಂದ ಹೊಸತರಲ್ಲಿ, 1970ರ ಮೊದಲ ಚಿತ್ರದಲ್ಲಿ, ಅವರ ಉಚ್ಚಾರ ಸರಿಯಿಲ್ಲವೆಂದು ಬೇರೆಯವರ ದನಿ ಕೂಡಿಸಿದ್ದರು. 1982ರ 'ಕೋನನ್', 1984ರ 'ಟರ್ಮಿನೇಟರ್', 1985ರ 'ಕಮಾಂಡೊ' ಹೊತ್ತಿಗೆ ಆ ಉಚ್ಚಾರವೇ ಜಗತ್ತಿನ ಮಕ್ಕಳ ಬಾಯಲ್ಲಿತ್ತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಸಿಲ್ವೆಸ್ಟರ್ ಸ್ಟಲೋನ್. 1976ರ 'ರಾಕಿ'ಯನ್ನು ಈಗ ಮತ್ತೆ ನೋಡಿ. ಒರಟು ಮೈಯ ಒಬ್ಬ ಸಾಮಾನ್ಯ ಕುಸ್ತಿಪಟುವಿನಂಥ ಬಾಕ್ಸರ್, ಕೊನೆಗೆ ಸೋಲುತ್ತಾನೆ ಕೂಡ. 1982ರ 'ಫಸ್ಟ್ ಬ್ಲಡ್'ನಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ ರ‍್ಯಾಂಬೊ ಕೊನೆಯ ದೃಶ್ಯದಲ್ಲಿ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಾನೆ. ಮೂರು ವರ್ಷದ ಬಳಿಕ ಎರಡನೇ ಭಾಗ ಬಂತು. ಅಷ್ಟರಲ್ಲಿ ಮೈ ಕೆತ್ತಿದ ಕಲ್ಲಾಗಿದೆ, ಆ ಅಳು ಮಾಯವಾಗಿದೆ. ವಿಯೆಟ್ನಾಂನಲ್ಲಿ ಸೋತ ದೇಶ ತನ್ನ ಪೌರುಷವನ್ನು ತೆರೆಯ ಮೇಲೆ ಮತ್ತೆ ಕಟ್ಟಿಕೊಳ್ಳುತ್ತಿತ್ತು ಎಂದು ಸೂಸನ್ ಜೆಫರ್ಡ್ಸ್ ಎಂಬ ವಿದ್ವಾಂಸೆ 1994ರಲ್ಲಿ ಇದರ ಬಗ್ಗೆಯೇ ಒಂದು ಪುಸ್ತಕ ಬರೆದರು, ರೇಗನ್ ಕಾಲದ 'ಗಟ್ಟಿ ದೇಹ'ಗಳ ಮೇಲೆ. ಒಪ್ಪುವ ಮಾತು. ನಡುವೆ 1988ರಲ್ಲಿ 'ಡೈ ಹಾರ್ಡ್' ಬಂದು, ಟೀವಿಯಲ್ಲಿ ಹಾಸ್ಯ ಮಾಡಿಕೊಂಡಿದ್ದ ಬ್ರೂಸ್ ವಿಲ್ಲಿಸ್ ಬನಿಯನ್ನಿನಲ್ಲಿ, ಬರಿಗಾಲಿನಲ್ಲಿ ಗಾಜಿನ ಚೂರುಗಳ ಮೇಲೆ ನಡೆದು ರಕ್ತ ಸುರಿಸಿದಾಗ, ಜನ ಮತ್ತೆ ಸಾಮಾನ್ಯ ಮೈಯನ್ನು ನಂಬಿದರು. ನೋಯುವ ಮೈಗೆ ಬಲ ಕೊಡಲು ನೋಡುವವನಿಗೆ ಜಾಗವಿರುತ್ತದೆ. ಕಲ್ಲಿಗೆ ಏನು ಕೊಡುವುದು?

ಗಟ್ಟಿ ಮೈ ನಮಗೇನು ಹೊಸದಲ್ಲ. ಮೈಸೂರಿನಲ್ಲಿ ಓದುವಾಗ ನಮ್ಮ ರೂಮಿನ ಹಿಂದೆಯೇ ಒಂದು ಗರಡಿಮನೆ ಇತ್ತು. ಬೆಳಗಿನ ಜಾವ ದಂಡ, ಬಸ್ಕಿ, ಗದೆ ತಿರುಗಿಸುವುದು, ಕೆಮ್ಮಣ್ಣಿನ ಅಖಾಡದಲ್ಲಿ ಜೋಡಿ. ಆ ಪೈಲ್ವಾನರಿಗೆ ದಪ್ಪ ಕತ್ತು, ದಪ್ಪ ಸೊಂಟ, ಕೆಲವರಿಗೆ ಧಾರಾಳ ಹೊಟ್ಟೆ. ಸಿಕ್ಸ್ ಪ್ಯಾಕ್ ಒಬ್ಬರಿಗೂ ಇರಲಿಲ್ಲ. ದಸರಾ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡುವುದಷ್ಟೇ ಆ ಮೈಯ ಕೆಲಸ. ನಾನು ನೋಡಿದ ಆ ಗರಡಿಯಲ್ಲಿ ಆಂಜನೇಯನ ಪಟವಿತ್ತು, ಕನ್ನಡಿ ಇರಲಿಲ್ಲ. ಅಳಿಯ ಹೋಗುವ ಜಿಮ್ಮಿಗೆ ಒಮ್ಮೆ ಹೋಗಿ ನೋಡಿದೆ, ನಾಲ್ಕು ಗೋಡೆಗೂ ಕನ್ನಡಿ. ಏನು ಮಾಡಬಲ್ಲದು ಎಂದು ಕೇಳಿಕೊಳ್ಳುವ ಮೈ ಬೇರೆ, ಹೇಗೆ ಕಾಣುತ್ತದೆ ಎಂದು ಕೇಳಿಕೊಳ್ಳುವ ಮೈ ಬೇರೆ. ಬ್ರೂಸ್ ಲೀಯಂಥ ಒಬ್ಬಿಬ್ಬರಲ್ಲಿ ಎರಡೂ ಕೂಡಿದ್ದವು. ಜಾಕಿ ಚಾನ್‌ನ ಮೈಯಲ್ಲಿ ನೋಡುವಂಥದ್ದೇನಿಲ್ಲ, ಆದರೆ ಚಿತ್ರ ಮುಗಿದ ಮೇಲೆ ಹೆಸರುಗಳ ಜೊತೆ ಬರುವ ತಪ್ಪಿದ ಶಾಟ್‌ಗಳಲ್ಲಿ ಅವನು ಬೀಳುವುದನ್ನು, ಕುಂಟುವುದನ್ನು ನೋಡಿದವರು ಮರೆಯಲಾರರು.

ಕನ್ನಡಿಯ ಮೈ ಎಷ್ಟು ಹೊತ್ತು ಇರುತ್ತದೆ ಎಂಬುದು ನನಗೆ ತಿಳಿದದ್ದು ಇತ್ತೀಚೆಗೆ. ವುಲ್ವರಿನ್ ಪಾತ್ರದ ಹ್ಯೂ ಜಾಕ್‌ಮನ್, ಅಂಗಿ ಬಿಚ್ಚುವ ದೃಶ್ಯಕ್ಕೆ ಮೊದಲು ಸುಮಾರು ಒಂದೂವರೆ ದಿನ ನೀರು ಕುಡಿಯದೆ ಇರುತ್ತಿದ್ದುದನ್ನು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಚರ್ಮದಡಿಯ ನೀರು ಇಳಿದರೆ ಸ್ನಾಯುಗಳ ಗೆರೆ ಎದ್ದು ಕಾಣುತ್ತದಂತೆ. ಸೂಪರ್‌ಮ್ಯಾನ್ ಆಗಿದ್ದ ಹೆನ್ರಿ ಕ್ಯಾವಿಲ್, ಅಂಥ ಮೂರನೇ ದಿನ ಹತ್ತಿರದಲ್ಲಿರುವ ನೀರಿನ ವಾಸನೆಯೇ ಮೂಗಿಗೆ ಬಡಿಯುತ್ತದೆ ಎಂದಿದ್ದಾರೆ. ಅಂದರೆ ನಾವು ತೆರೆಯ ಮೇಲೆ 'ಅಪಾರ ಬಲ' ಎಂದು ನೋಡುತ್ತಿರುವುದು ಆ ಮನುಷ್ಯ ಅತ್ಯಂತ ನಿತ್ರಾಣನಾಗಿದ್ದ ಗಳಿಗೆಯನ್ನು. ಒಂದು ಬಿಂದಿಗೆ ಎತ್ತಲು ಹೇಳಿದರೆ ತಲೆ ಸುತ್ತಿ ಬೀಳುವ ಸ್ಥಿತಿಯಲ್ಲಿ ಜಗತ್ತನ್ನು ರಕ್ಷಿಸುವವನ ಚಿತ್ರ ತೆಗೆಯುತ್ತಾರೆ.

2011ರ 'ಕ್ಯಾಪ್ಟನ್ ಅಮೆರಿಕ' ಇದಕ್ಕಿಂತ ಸ್ವಾರಸ್ಯವಾದದ್ದು. ಕೃಶವಾದ ಹುಡುಗನೊಬ್ಬ ಯಂತ್ರದೊಳಗೆ ಹೋಗಿ ಬಲಭೀಮನಾಗಿ ಹೊರಬರುತ್ತಾನೆ. ಬಲಭೀಮನ ಮೈ ಕ್ರಿಸ್ ಇವಾನ್ಸ್‌ರದ್ದೇ. ಆ ಬಡಕಲು ಮೈಯನ್ನು ಕಂಪ್ಯೂಟರಿನಲ್ಲಿ ಮಾಡಿದರು. ನಮ್ಮ ಕಾಲದಲ್ಲಿ ಸಾಮಾನ್ಯ ಮನುಷ್ಯನ ಮೈಯೇ ಸ್ಪೆಷಲ್ ಎಫೆಕ್ಟ್.

ಇಷ್ಟು ಮೈ ಸವೆಸಿದ್ದಕ್ಕೆ ನಟನಿಗೆ ತಾರಾಶಕ್ತಿಯಾದರೂ ಹೆಚ್ಚಿತೇ ಎಂದರೆ, ಅದೂ ಇಲ್ಲ. ಅದೇ ಮಾರ್ವೆಲ್ ಚಿತ್ರಗಳಲ್ಲಿ ಫಾಲ್ಕನ್ ಆಗಿ ನಟಿಸಿದ ಆಂಟನಿ ಮ್ಯಾಕಿ, ಈಗ ತಾರೆಯರಿಲ್ಲ, ತಾನು ತಾರೆಯಲ್ಲ, ಫಾಲ್ಕನ್ ತಾರೆ ಎಂಬರ್ಥದ ಮಾತಾಡಿದ್ದರು. ಶ್ವಾರ್ಜ಼ನೆಗರ್ ಹೆಸರಿಗೆ ಜನ ಟಿಕೆಟ್ ಕೊಳ್ಳುತ್ತಿದ್ದರು, ಪಾತ್ರದ ಹೆಸರು ನೆನಪಿರುತ್ತಿರಲಿಲ್ಲ. ಈಗ ಪಾತ್ರದ ಹೆಸರು ನೆನಪಿರುತ್ತದೆ. ಎಲ್ಲರ ಮೈಯೂ ಒಂದೇ ಅಚ್ಚಿನದಾದರೆ ಅದು ಸಮವಸ್ತ್ರವಾಗುತ್ತದೆ, ಸಮವಸ್ತ್ರ ತೊಟ್ಟವನನ್ನು ಬದಲಿಸುವುದು ಸುಲಭ. ಹಿಂದಿಯಲ್ಲೂ ಹೀಗೇ ಆಯಿತು. ತೆಳ್ಳಗೆ ಉದ್ದಕ್ಕಿದ್ದ ಅಮಿತಾಭ್ ಬಚ್ಚನ್ ಬರೀ ಕಣ್ಣು, ದನಿಯಿಂದ ಎಪ್ಪತ್ತರ ದಶಕವನ್ನೇ ಆಳಿದರು. 2007ರಲ್ಲಿ ಶಾರುಖ್ ಖಾನ್, ಆ ಹೊತ್ತಿಗೆ ಪ್ರಪಂಚಕ್ಕೇ ಗೊತ್ತಿದ್ದ ನಟ, 'ಓಂ ಶಾಂತಿ ಓಂ'ನ ಒಂದು ಹಾಡಿಗಾಗಿ ಸಿಕ್ಸ್ ಪ್ಯಾಕ್ ಮಾಡಿಕೊಂಡರು. ಮರುವರ್ಷ 'ಗಜಿನಿ'ಗಾಗಿ ಆಮಿರ್ ಖಾನ್ ಎಂಟು ಮಾಡಿಕೊಂಡರು. ಆಮೇಲೆ ಲೆಕ್ಕ ಇಡುವುದನ್ನು ನಾನು ಬಿಟ್ಟೆ.

ಇಲ್ಲಿಯವರೆಗೆ ಇದು ಸಿನಿಮಾದವರ ಮಾತು. ಹಣ ಬರುತ್ತದೆ, ಡಾಕ್ಟರಿದ್ದಾರೆ, ತರಬೇತುದಾರರಿದ್ದಾರೆ, ಬೇಕೆಂದೇ ಮಾಡಿಕೊಳ್ಳುತ್ತಾರೆ ಎನ್ನಬಹುದು.

ಜನವರಿಯಲ್ಲಿ ಒಂದು ರಾತ್ರಿ ಅಕ್ಕ ಫೋನ್ ಮಾಡಿದಳು. ಮಗ ಹಾಸ್ಟೆಲ್ಲಿನ ಬಚ್ಚಲಿನಲ್ಲಿ ಬಿದ್ದಿದ್ದಾನೆ, ರೂಮಿನವರು ಆಸ್ಪತ್ರೆಗೆ ಸೇರಿಸಿದ್ದಾರೆ, ನೀನು ಹತ್ತಿರದಲ್ಲಿದ್ದೀಯ, ಹೋಗು. ಹೋದೆ. ಡ್ರಿಪ್ ಹಾಕಿಸಿಕೊಂಡು ಮಲಗಿದ್ದ, ತುಟಿ ಒಡೆದಿತ್ತು. ಕಾಲೇಜು ಫೆಸ್ಟಿನಲ್ಲಿ ಫೋಟೊಶೂಟ್ ಇತ್ತಂತೆ, ಗೆಳೆಯರೆಲ್ಲ ಸೇರಿ ಅಂಗಿ ಬಿಚ್ಚಿ ತೆಗೆಸಿಕೊಳ್ಳುವುದು. ಎರಡು ದಿನದಿಂದ ಹುಡುಗ ನೀರು ಬಿಟ್ಟಿದ್ದ, ಉಪ್ಪು ಬಿಟ್ಟಿದ್ದ. ಮೊಬೈಲಿನಲ್ಲಿ ಯಾರದೋ ವಿಡಿಯೊ ನೋಡಿ ಕಲಿತದ್ದು. ಕಿಡ್ನಿ ಸ್ವಲ್ಪದರಲ್ಲಿ ಉಳಿಯಿತು ಎಂದರು ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ. ವಾರಕ್ಕೆ ಇಂಥದ್ದೊಂದು ಬರುತ್ತದೆ ಅಂದರು, ಬೇಸರದ ದನಿಯಲ್ಲಿ.

ಬೈಯಬೇಕೆಂದುಕೊಂಡು ಹೋದವನಿಗೆ ಬಾಯಿ ಬರಲಿಲ್ಲ. ಬೆಳಗಿನ ಜಾವ ಅವನೇ ಹೇಳಿದ: "ಫೋಟೊ ಚೆನ್ನಾಗಿ ಬಂದಿದೆ ಮಾವ." ತೋರಿಸಿದ. ನಿಜಕ್ಕೂ ಚೆನ್ನಾಗಿತ್ತು. ಆ ಫೋಟೊದಲ್ಲಿರುವ ಹುಡುಗನಿಗೆ ನಾಲ್ಕು ಜನರನ್ನು ಹೊಡೆಯುವ ಬಲವಿದೆ ಎಂದು ಯಾರು ಬೇಕಾದರೂ ನಂಬುತ್ತಾರೆ. ಪಕ್ಕದ ಮಂಚದಲ್ಲಿರುವವನಿಗೆ ಎದ್ದು ಕೂರಲು ನನ್ನ ಕೈ ಬೇಕಾಗಿತ್ತು.

ನಾನು ಕೇಳಿಕೊಳ್ಳುವ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಇದರಲ್ಲಿ ನನ್ನ ಪಾಲು ಎಷ್ಟು? ನೋಡುಗನಾಗಿ ನಾನು ಬಲವನ್ನು ಕೊಡುವುದನ್ನು ನಿಲ್ಲಿಸಿ ಪುರಾವೆ ಕೇಳತೊಡಗಿದ್ದು ಯಾವಾಗ? ಹಳೆಯ ಹೊಡೆದಾಟಗಳನ್ನು ನೋಡಿ ನಾನೂ ನಕ್ಕಿದ್ದೇನೆ, ಕಾಲೇಜು ದಿನಗಳಲ್ಲಿ, 'ಢಿಶುಂ ಢಿಶುಂ' ಎಂದು ಅಣಕಿಸಿದ್ದೇನೆ. ಹಾಲಿವುಡ್ಡಿನಲ್ಲಿ ಎಷ್ಟು 'ರಿಯಲ್' ಆಗಿ ಮಾಡುತ್ತಾರೆ ಎಂದು ಹೊಗಳಿದ್ದೇನೆ. ಆ ನಗುವಿಗೆ ಯಾರೋ ತಮ್ಮ ಮೈಯಿಂದ ಉತ್ತರ ಕೊಡಬೇಕಾಗುತ್ತದೆ ಎಂದು ಆಗ ಯೋಚಿಸಿರಲಿಲ್ಲ.

ಹಾಗೆಂದು ಹಳೆಯ ಒಪ್ಪಂದವನ್ನು ಪೂಜೆ ಮಾಡಲೂ ಮನಸ್ಸಾಗುವುದಿಲ್ಲ. ಯಕ್ಷಗಾನದಲ್ಲಿ ಯಾರೂ ನಿಜಕ್ಕೂ ಮಹಡಿಯಿಂದ ಹಾರುವುದಿಲ್ಲ, ಸಿನಿಮಾದಲ್ಲಿ ಯಾರೋ ಹಾರಲೇಬೇಕು. ನಾಯಕ ಹಾರದಿದ್ದರೆ ಡ್ಯೂಪ್ ಹಾರುತ್ತಾನೆ. ನಾವು ಬಲವನ್ನೆಲ್ಲ ನಾಯಕನಿಗೆ ಕೊಟ್ಟು ಸಿಳ್ಳೆ ಹಾಕುವಾಗ, ಮುಖ ಕಾಣದಂತೆ ಬಿದ್ದವನಿಗೆ ಏನು ಕೊಟ್ಟೆವು? ಪೋಸ್ಟರಿನಲ್ಲಿ ಅವನಿಲ್ಲ, ಕೆಲವು ಚಿತ್ರಗಳಲ್ಲಿ ಹೆಸರೂ ಇಲ್ಲ. ಆಸ್ಕರ್‌ನವರಿಗೇ ಸಾಹಸ ವಿನ್ಯಾಸಕ್ಕೊಂದು ಪ್ರಶಸ್ತಿ ಕೊಡಬೇಕೆನ್ನಿಸಿದ್ದು 2025ರಲ್ಲಿ, ಅದೂ 2027ರ ಚಿತ್ರಗಳಿಂದ ಶುರು. ಹೀಗೆ ನೋಡಿದರೆ ತಾನೇ ಹಾರುವ ಇಂದಿನ ನಟ ಹೆಚ್ಚು ಪ್ರಾಮಾಣಿಕ ಎಂದು ವಾದಿಸಬಹುದು. ಟಾಮ್ ಕ್ರೂಸ್ 2017ರಲ್ಲಿ ಲಂಡನ್ನಿನ ಕಟ್ಟಡದಿಂದ ಕಟ್ಟಡಕ್ಕೆ ಹಾರಿ ಕಾಲಿನ ಗಂಟು ಮುರಿದುಕೊಂಡ ಶಾಟನ್ನೇ ಚಿತ್ರದಲ್ಲಿ ಉಳಿಸಿಕೊಂಡರು. ಬೇರೆಯವನ ಮೂಳೆಯಲ್ಲವಲ್ಲ ಎಂಬ ಸಮಾಧಾನ ಅದನ್ನು ನೋಡುವಾಗ ನನಗೂ ಇರುತ್ತದೆ.

ಆ ಸಮಾಧಾನ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಎರಡು ಘಟನೆಗಳು, ಎರಡೂ ಬೆಂಗಳೂರಿನ ಸುತ್ತಮುತ್ತಲಿನವು. 1982ರ ಜುಲೈ 26ರಂದು ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ 'ಕೂಲಿ' ಚಿತ್ರದ ಹೊಡೆದಾಟ ನಡೆಯುತ್ತಿತ್ತು. ಬಚ್ಚನ್ ಡ್ಯೂಪ್ ಬೇಡವೆಂದು ತಾವೇ ಮಾಡಿದರು. ಪುನೀತ್ ಇಸ್ಸಾರ್ ಹೊಡೆದಂತೆ ಮಾಡಬೇಕು, ಇವರು ಮೇಜಿನ ಮೇಲೆ ಬೀಳಬೇಕು. ಕ್ಷಣದ ಲೆಕ್ಕ ತಪ್ಪಿತು, ಹೊಟ್ಟೆಯೊಳಗೆ ಪೆಟ್ಟಾಯಿತು. ಮೊದಲು ಬೆಂಗಳೂರಿನಲ್ಲಿ, ಆಮೇಲೆ ಮುಂಬಯಿಯಲ್ಲಿ ತಿಂಗಳುಗಟ್ಟಲೆ ಸಾವು ಬದುಕಿನ ನಡುವೆ ಇದ್ದರು. ದೇಶವೇ ಪ್ರಾರ್ಥಿಸಿತು. ಅವರು ಬದುಕಿದರು. ಮೊದಲು ಬರೆದ ಕಥೆಯಲ್ಲಿ ಸಾಯಬೇಕಿದ್ದ ನಾಯಕನನ್ನು ಬದುಕಿಸಿ ಅಂತ್ಯ ಬದಲಾಯಿಸಿದರು. ಚಿತ್ರ 1983ರಲ್ಲಿ ಬಂದಾಗ ಆ ಹೊಡೆತದ ದೃಶ್ಯದಲ್ಲಿ ಚಿತ್ರ ಸ್ತಬ್ಧವಾಗಿ, ಪೆಟ್ಟಾದದ್ದು ಇಲ್ಲೇ ಎಂದು ಅಕ್ಷರಗಳು ಮೂಡುತ್ತವೆ. ಆ ಸ್ತಬ್ಧ ಚಿತ್ರ ನನ್ನನ್ನು ಬಹಳ ಕಾಡಿದೆ. ಅಲ್ಲಿಯವರೆಗೆ ಹೊಡೆತ ಸುಳ್ಳಾಗಿತ್ತು, ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಮೊದಲ ಸಲ ನಿಜವಾದ ಪೆಟ್ಟನ್ನೇ ತೋರಿಸಿ ಟಿಕೆಟ್ ಮಾರಿದರು. ನಾವು ಕೊಂಡೆವು.

ಎರಡನೆಯದು ಬರೆಯಲೂ ಕಷ್ಟ. 2016ರ ನವೆಂಬರ್ 7, ತಿಪ್ಪಗೊಂಡನಹಳ್ಳಿ ಜಲಾಶಯ. 'ಮಾಸ್ತಿಗುಡಿ' ಚಿತ್ರದ ಕೊನೆಯ ಹೊಡೆದಾಟಕ್ಕೆ ನಾಯಕ ಮತ್ತು ಇಬ್ಬರು ಖಳನಟರು ಹೆಲಿಕಾಪ್ಟರಿನಿಂದ ನೀರಿಗೆ ಹಾರಿದರು. ಅನಿಲ್ ಮತ್ತು ಉದಯ್, ಇಬ್ಬರೂ ಮೈ ಕಟ್ಟಿಕೊಂಡೇ ಚಿತ್ರರಂಗದಲ್ಲಿ ಹೆಸರು ಮಾಡಿದ್ದವರು. ಅಂಗಿಯಿಲ್ಲದ ಆ ಮೈಗಳ ಮೇಲೆ ಲೈಫ್ ಜಾಕೆಟ್ ಇರಲಿಲ್ಲ. ನಾಯಕನಟನನ್ನು ಉಳಿಸಲಾಯಿತು, ಇವರಿಬ್ಬರು ಮುಳುಗಿದರು. ಈಜು ಚೆನ್ನಾಗಿ ಬಾರದೆಂದು ಅವರಲ್ಲೊಬ್ಬರು ಹಾರುವ ಮುಂಚೆ ಕ್ಯಾಮೆರಾದ ಮುಂದೆಯೇ ಹೇಳಿದ್ದು ಆಮೇಲೆ ಟೀವಿಯಲ್ಲಿ ಮತ್ತೆ ಮತ್ತೆ ಬಂತು. ತಪ್ಪು ಯಾರದು ಎಂಬ ಚರ್ಚೆ ಇಲ್ಲಿ ಬೇಡ. ನನ್ನ ತಲೆಯಲ್ಲಿ ಉಳಿದದ್ದು ಇಷ್ಟೇ: ಏನು ಬೇಕಾದರೂ ಮಾಡಬಲ್ಲದು ಎಂದು ಕಾಣುತ್ತಿದ್ದ ಮೈಗಳು ಅವು. ನೀರಿಗೆ ಅದು ಕಾಣಲಿಲ್ಲ. ಜಾಕೆಟ್ ತೊಟ್ಟಿದ್ದರೆ 'ರಿಯಲ್' ಆಗಿ ಬರುವುದಿಲ್ಲ ಎಂಬ ಮಾತು ಸೆಟ್ಟಿನಲ್ಲಿ ಬಂದಿತ್ತೋ ಇಲ್ಲವೋ, ಅದು ನಮ್ಮೆಲ್ಲರ ತಲೆಯಲ್ಲಂತೂ ಆಗಲೇ ಇತ್ತು.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ಹೋದಾಗ, ಅವರ ವ್ಯಾಯಾಮವೇ ಕಾರಣವೆಂದು ಹಬ್ಬಿದ ಮಾತುಗಳನ್ನು ನಾನು ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಮರುದಿನದಿಂದಲೇ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತೋರಿಸಿಕೊಳ್ಳಲು ಸಾಲುಗಟ್ಟಿದ ಜನರನ್ನು ನೋಡಿದಾಗ ಒಂದು ವಿಷಯ ತಿಳಿಯಿತು. ತಂದೆಯ ಮೈಗೂ ಪಾತ್ರದ ಬಲಕ್ಕೂ ನಡುವೆ ಗೆರೆ ಎಳೆಯಬಲ್ಲವರಾಗಿದ್ದ ಜನ, ಮಗನ ಮೈಯನ್ನು ತಮ್ಮ ಮೈಗೆ ಅಳತೆಗೋಲು ಮಾಡಿಕೊಂಡಿದ್ದರು. ಅಷ್ಟು ಗಟ್ಟಿ ಇದ್ದವರೇ ಹೋದರೆ ನಮ್ಮ ಗತಿಯೇನು ಎಂದು. ಇಪ್ಪತ್ತೊಂದು ವರ್ಷಗಳಲ್ಲಿ ಆ ಗೆರೆ ಅಳಿಸಿಹೋಗಿತ್ತು.

ಪೂರ್ತಿ ಅಳಿಸಿದೆಯೇ? ನನಗೆ ಅನುಮಾನ ಬರುವುದು 'ಕೆಜಿಎಫ್' ನೋಡುವಾಗ. 2018ರ ಮೊದಲ ಭಾಗವಾಗಲಿ, 2022ರ ಎರಡನೆಯದಾಗಲಿ, ಯಶ್ ಅವರನ್ನು ನಾವು ಹೆಚ್ಚಾಗಿ ನೋಡುವುದು ಮೈತುಂಬ ಬಟ್ಟೆಯಲ್ಲಿ, ಕೋಟಿನಲ್ಲಿ, ಗಡ್ಡದಲ್ಲಿ. ಅವನು ಎಷ್ಟು ದೊಡ್ಡವನೆಂದು ನಮಗೆ ಹೇಳುವುದು ಬೇರೆಯವರು. ಮೊದಲ ಭಾಗದಲ್ಲಿ ಅನಂತನಾಗ್, ಎರಡನೆಯದರಲ್ಲಿ ಪ್ರಕಾಶ್ ರಾಜ್ ಕಥೆ ಹೇಳುತ್ತಾರೆ, ಗಣಿಯ ಜನ ಕಣ್ಣರಳಿಸಿ ನೋಡುತ್ತಾರೆ, ಹಿನ್ನೆಲೆಯಲ್ಲಿ ಡೋಲು ಗುಡುಗುತ್ತದೆ. ಭಾಗವತರು, ಚಂಡೆ, ವೇಷ. ಇಷ್ಟು ದುಡ್ಡು, ಇಷ್ಟು ತಂತ್ರಜ್ಞಾನ ಸುರಿದ ಮೇಲೂ ಅದು ಕೆಲಸ ಮಾಡುವುದು ನಮ್ಮೂರ ಬಯಲಿನಲ್ಲಿ ಕೆಲಸ ಮಾಡಿದ ರೀತಿಯಲ್ಲೇ. ದೇಶದುದ್ದಕ್ಕೂ ಜನ ಆ ಬಲವನ್ನು ಅವರಿಗೆ ಕೊಟ್ಟರು. ಹಾಗೆ ಕೊಟ್ಟವರಲ್ಲಿ ಗದಗ ಜಿಲ್ಲೆಯ ಸೂರಣಗಿಯ ಮೂವರು ಹುಡುಗರೂ ಇದ್ದರು. 2024ರ ಜನವರಿಯಲ್ಲಿ, ನಾಯಕನ ಹುಟ್ಟುಹಬ್ಬಕ್ಕೆ ದೊಡ್ಡ ಕಟೌಟ್ ನಿಲ್ಲಿಸಲು ಹೋಗಿ ವಿದ್ಯುತ್ ತಂತಿ ತಗುಲಿ ಸತ್ತರು. ಯಶ್ ಆ ಊರಿಗೆ ಹೋದರು, ಇಂಥದ್ದನ್ನು ಮಾಡಬೇಡಿ ಎಂದು ಕೈಮುಗಿದು ಕೇಳಿಕೊಂಡರು. ಅಲ್ಲಿಗೆ ನನ್ನ ವಾದವೂ ಒಂದು ಕಡೆ ಕುಂಟುತ್ತದೆ. ಬಲ ಕೊಡುವುದು ಸುರಕ್ಷಿತ, ಪುರಾವೆ ಕೇಳುವುದು ಅಪಾಯ ಎಂದು ಹೇಳಿ ಮುಗಿಸಲು ಆಗುವುದಿಲ್ಲ. ಕೊಡುವವನಿಗೂ ಎಷ್ಟು ಕೊಡಬೇಕೆಂಬ ಅಂದಾಜು ತಪ್ಪುತ್ತದೆ.

ಮಾರ್ಚಿನಲ್ಲಿ ಊರಿನ ಜಾತ್ರೆಗೆ ಆಟ ಕಟ್ಟಿಸಿದ್ದರು. ಅಳಿಯನೂ ಬಂದಿದ್ದ. ಊಟ ಸರಿಯಾಗಿ ಮಾಡುತ್ತಿದ್ದಾನೆ, ಜಿಮ್ ಬಿಟ್ಟಿಲ್ಲ, ಬಿಡು ಎಂದು ನಾನು ಹೇಳಿಯೂ ಇಲ್ಲ. ರಾತ್ರಿ ಅವನನ್ನು ಚೌಕಿಗೆ ಕರೆದುಕೊಂಡು ಹೋದೆ. 'ಗದಾಯುದ್ಧ' ಪ್ರಸಂಗ. ದುರ್ಯೋಧನ ಮಾಡುವವರಿಗೆ ಐವತ್ತರ ಮೇಲಾಗಿರಬೇಕು, ಸಪೂರ ಮೈ, ಎದೆಗೂಡಿನ ಎಲುಬು ಎಣಿಸಬಹುದು. ಬಣ್ಣ ಮುಗಿದು ಬಟ್ಟೆ ಸುತ್ತಿಸಿಕೊಳ್ಳುತ್ತಿದ್ದರು. ಅಳಿಯ ದಿಟ್ಟಿಸುತ್ತ ನಿಂತಿದ್ದನ್ನು ನೋಡಿ, "ಅದನ್ನ ಇತ್ಲಾಗೆ ಕೊಡು ತಮ್ಮ" ಎಂದು ಪೆಟ್ಟಿಗೆಯ ಮೇಲಿದ್ದ ಭುಜಕೀರ್ತಿ ತೋರಿಸಿದರು. ಇವನು ಭಾರವಿರುತ್ತದೆಂದು ಎರಡೂ ಕೈ ಹಾಕಿ, ಕಾಲು ಅಗಲಿಸಿ ಎತ್ತಿದ. ಹಗುರಕ್ಕೆ ಮೇಲೆ ಬಂದುಬಿಟ್ಟಿತು, ಹಿಂದಕ್ಕೆ ಒಂದು ಹೆಜ್ಜೆ ತಪ್ಪಿದ. ಅವರು ನಕ್ಕರು. ಆ ದಾರ ಬಿಗಿಯಾಗಿ ಕಟ್ಟು ಎಂದು ಹೆಗಲು ಅವನ ಕಡೆ ತಿರುಗಿಸಿದರು. ಹೊರಗೆ ಚಂಡೆ ಶುರುವಾಗಿತ್ತು.